ಡೈಲ್ಯೂಟ್ ಮಾಡಿದಷ್ಟೂ ಸಿಡಿ25 ಜಾಸ್ತಿ ಬರುತ್ತಿದೆ, ಯಾವ ನಂಬರ್ ನಂಬೋದು?

ಹೆಬ್ಬಾಳದ_ಪಿಪೆಟ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಜೂನಿಯರ್ ರಿಸರ್ಚ್ ಫೆಲೋ ಆಗಿದ್ದೇನೆ. ಡೆಂಗಿ ಜೋರಾಗಿ ಆಸ್ಪತ್ರೆ ಸೇರಿದವರ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸಾಲ್ಯುಬಲ್ ಸಿಡಿ25 ಅಳೆಯುವ ಕೆಲಸ. ಗೊತ್ತಿಲ್ಲದವರಿಗೆ: ಇದು ಐಎಲ್-2 ರಿಸೆಪ್ಟರಿನ ಆಲ್ಫಾ ಸರಪಳಿ. ಟಿ ಕಣ (ಒಂದು ಬಗೆಯ ಬಿಳಿ ರಕ್ತಕಣ) ಕೆರಳಿದಾಗ ಮೈಮೇಲೆ ಇದನ್ನು ಹೊರಡಿಸುತ್ತದೆ. ಅದರ ಹೊರಗಿನ ತುಂಡು ಕತ್ತರಿಸಿ ರಕ್ತಕ್ಕೆ ಬೀಳುತ್ತದೆ. ಆ ತುಂಡನ್ನೇ ನಾವು ಎಲಿಸಾದಲ್ಲಿ, ಅಂದರೆ ಆಂಟಿಬಾಡಿಯಿಂದ ಹಿಡಿದು ಬಣ್ಣದಿಂದ ಅಳೆಯುವ ಪರೀಕ್ಷೆಯಲ್ಲಿ, ಹಿಡಿಯುವುದು.

ಒಬ್ಬರೇ ರೋಗಿಯ ಒಂದೇ ಟ್ಯೂಬ್. ನೇರ ಸೀರಂ ಹಾಕಿದರೆ ಮಿ.ಲೀ.ಗೆ 11 ನ್ಯಾನೋಗ್ರಾಂ. 5 ಪಟ್ಟು ಡೈಲ್ಯೂಟ್ ಮಾಡಿ, ಬಂದದ್ದನ್ನು 5ರಿಂದ ಗುಣಿಸಿದರೆ 41. 20 ಪಟ್ಟಿಗೆ 52. 40 ಪಟ್ಟಿಗೆ 54. ಡೂಪ್ಲಿಕೇಟ್ ವೆಲ್‌ಗಳು (ಪ್ಲೇಟಿನ ಜೋಡಿ ಗುಳಿಗಳು) ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ. ಸ್ಟ್ಯಾಂಡರ್ಡ್ ಕರ್ವ್ (ಗೊತ್ತಿರುವ ಪ್ರಮಾಣಗಳಿಂದ ಎಳೆದ ಅಳತೆಯ ಗೆರೆ) ಕೂಡ ಸರಿಯಾಗಿದೆ, ಮೇಲಿನ ಸ್ಟ್ಯಾಂಡರ್ಡ್ 20 ನ್ಯಾನೋಗ್ರಾಂ.

ನಾಲ್ಕರದೂ ಸರಾಸರಿ ಹಾಕಿಬಿಡು ಅಂತ ಸೀನಿಯರ್ ಒಬ್ಬರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವೇನಂತೀರಿ?

ರಾಜಾಜಿನಗರ_ಲ್ಯಾಬ್

ಸರಾಸರಿ ಮಾತ್ರ ಬೇಡ ಮೇಡಂ, ದಯವಿಟ್ಟು. ತಪ್ಪು ನಂಬರಿಗೆ ಸರಿ ನಂಬರ್ ಬೆರೆಸಿದರೆ ಬರುವುದು ಇನ್ನೊಂದು ತಪ್ಪು ನಂಬರ್.

ಎರಡು ಪ್ರಶ್ನೆ. ಸ್ಯಾಂಪಲ್ ಹಾಕಿ, ಕಾದು, ವಾಶ್ ಮಾಡಿ, ಆಮೇಲೆ ಡಿಟೆಕ್ಷನ್ ಆಂಟಿಬಾಡಿ ಹಾಕುವ ಕಿಟ್ಟೋ? ಅಥವಾ ಎರಡೂ ಒಟ್ಟಿಗೇ ಹಾಕುವುದೋ? ಇನ್ನೊಂದು, ಡೈಲ್ಯೂಟ್ ಮಾಡಿದ್ದು ಕಿಟ್ಟಿನ ಬಫರಿನಲ್ಲೋ ಅಥವಾ ಬರೀ ಪಿಬಿಎಸ್ ಉಪ್ಪುನೀರಿನಲ್ಲೋ?

ಹೆಬ್ಬಾಳದ_ಪಿಪೆಟ್

ಎರಡೂ ಒಟ್ಟಿಗೇ ಸರ್. ಸ್ಯಾಂಪಲ್, ಅದರ ಬೆನ್ನಿಗೇ ಬಯೋಟಿನ್ ಹಚ್ಚಿದ ಆಂಟಿಬಾಡಿ. ಶೇಕರ್ ಮೇಲೆ ಇಟ್ಟು, ವಾಶ್ ಮಾಡಿ, ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಬಯೋಟಿನ್‌ಗೆ ಅಂಟುವ ಪ್ರೊಟೀನ್, ಜೊತೆಗೆ ಬಣ್ಣ ತರಿಸುವ ಕಿಣ್ವ), ಮತ್ತೆ ವಾಶ್, ಟಿಎಂಬಿ (ಬಣ್ಣ ಕಟ್ಟುವ ದ್ರವ), ಕೊನೆಗೆ ಆಸಿಡ್. ಓದುವುದು 450 ನ್ಯಾನೋಮೀಟರಿನಲ್ಲಿ, 570ರಲ್ಲಿ ಓದಿದ್ದನ್ನು ಕಳೆಯುತ್ತೇವೆ. ಡೈಲ್ಯೂಟ್ ಮಾಡಿದ್ದು ಕಿಟ್ಟಿನ ಬಫರಿನಲ್ಲೇ.

ಮಲ್ಲೇಶ್ವರದ_ಮೇಷ್ಟ್ರು

ಒಟ್ಟಿಗೇ ಹಾಕುವ ಕಿಟ್ ಅಂದಮೇಲೆ ಅರ್ಧ ಉತ್ತರ ಸಿಕ್ಕಿತು. ನಿವೃತ್ತನಾದವನು, ಬೇಕಾದಷ್ಟು ಸಮಯ ಇದೆ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಸ್ಯಾಂಡ್‌ವಿಚ್ ಎಲಿಸಾದಲ್ಲಿ ಬಣ್ಣ ಬರಬೇಕಾದರೆ ಒಂದೇ ಸಿಡಿ25 ತುಂಡು ಎರಡು ಕೈಗೆ ಸಿಗಬೇಕು. ಒಂದು ಕೈ ಪ್ಲೇಟಿಗೆ ಅಂಟಿದ ಆಂಟಿಬಾಡಿ. ಇನ್ನೊಂದು ಕೈ ತೇಲುವ ಆಂಟಿಬಾಡಿ. ಸಿಡಿ25 ವಿಪರೀತ ಇದ್ದರೆ ಏನಾಗುತ್ತದೆ? ಕೆಳಗಿನ ಕೈಗಳೆಲ್ಲ ಒಂದೊಂದು ತುಂಡು ಹಿಡಿದು ಕೂರುತ್ತವೆ. ತೇಲುವ ಕೈಗಳು ಬೇರೆ ಬೇರೆ ತುಂಡು ಹಿಡಿದು ನೀರಿನಲ್ಲೇ ಉಳಿಯುತ್ತವೆ. ವಾಶ್ ಮಾಡಿದಾಗ ಅವು ಸಿಂಕಿಗೆ ಹೋಗುತ್ತವೆ. ಬಣ್ಣ ಕಡಿಮೆ, ನಂಬರ್ ಕಡಿಮೆ. ಇದೇ ಹುಕ್ ಎಫೆಕ್ಟ್. ಎರಡು ಹಂತದ ಕಿಟ್ಟಿನಲ್ಲಿ ಇದರ ಕಾಟ ಬಹಳ ಕಡಿಮೆ. ಡಿಟೆಕ್ಷನ್ ಆಂಟಿಬಾಡಿ ಬರುವ ಹೊತ್ತಿಗೆ ಹೆಚ್ಚುವರಿ ತುಂಡುಗಳು ತೊಳೆದುಹೋಗಿರುತ್ತವೆ. ಅಲ್ಲಿ ನಂಬರ್ ಇಳಿಯುವುದಿಲ್ಲ, ಮೇಲೆ ಹೋಗಿ ಚಪ್ಪಟೆಯಾಗುತ್ತದೆ ಅಷ್ಟೆ.

ನಿನ್ನ ನೇರ ಸೀರಂ 11 ಅಂದದ್ದು ಇದರಿಂದ. ನಿಜ 54ರ ಹತ್ತಿರ ಇದ್ದರೆ, ಅದು ಮೇಲಿನ ಸ್ಟ್ಯಾಂಡರ್ಡಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇದರಲ್ಲಿ ಅಪಾಯ ಏನು ಗೊತ್ತಾ? 11 ಅನ್ನುವುದು ಕರ್ವ್ ಒಳಗೇ ಬೀಳುತ್ತದೆ. ಸಾಫ್ಟ್‌ವೇರ್ ಕೆಂಪು ಗುರುತು ಹಾಕುವುದಿಲ್ಲ. ರೇಂಜ್ ಮೀರಿದರೆ ಯಾರಾದರೂ ಮತ್ತೆ ಮಾಡುತ್ತಾರೆ. ಒಳಗೇ ಬಂದರೆ ಯಾರು ಕೇಳುತ್ತಾರೆ?

ಈಗ 5 ಪಟ್ಟಿನ ಲೆಕ್ಕ. ನಿಜ 54 ಅಂತಿಟ್ಟುಕೊಂಡರೆ ಆ ವೆಲ್ಲಿನಲ್ಲಿ ಇರಬೇಕಾದ್ದು 10.8. ರೀಡರ್ ಓದಿದ್ದು 8.2. ಇದನ್ನು ಹುಕ್ ಮೇಲೆ ಹಾಕುವ ಹಾಗಿಲ್ಲ. ನಿನ್ನ 20ರ ಸ್ಟ್ಯಾಂಡರ್ಡೇ ಹುಕ್ ಆಗದೆ ಸರಿಯಾಗಿ ಓದುತ್ತಿದೆ, 10.8 ಯಾಕೆ ಹುಕ್ ಆಗಬೇಕು? ಇಲ್ಲಿ ಅಡ್ಡ ಬಂದಿರುವುದು ಸೀರಂ ತಾನೇ. ಆ ವೆಲ್ಲಿನಲ್ಲಿ ಐದನೇ ಒಂದು ಭಾಗ ಸೀರಂ ಇದೆ. ಅದರ ಪ್ರೊಟೀನ್, ಕೊಬ್ಬು, ಬೇರೆ ಆಂಟಿಬಾಡಿಗಳು ಎಲ್ಲ ಸೇರಿ ಹಿಡಿತವನ್ನು ಸಡಿಲ ಮಾಡುತ್ತವೆ. ಸ್ಟ್ಯಾಂಡರ್ಡ್ ವೆಲ್ಲಿನಲ್ಲಿ ಬರೀ ಬಫರ್, ಅದಕ್ಕೆ ಆ ಕಾಟ ಇಲ್ಲ. ಇದು ಮ್ಯಾಟ್ರಿಕ್ಸ್ ಎಫೆಕ್ಟ್. 20 ಪಟ್ಟಿಗೆ ಬಂದಾಗ ಸೀರಂ ನೂರಕ್ಕೆ 5 ಮಾತ್ರ, ಕಾಟ ಹೆಚ್ಚು ಕಡಿಮೆ ಮಾಯ. 52ಕ್ಕೂ 54ಕ್ಕೂ ಇರುವ ವ್ಯತ್ಯಾಸ ಪಿಪೆಟಿನದು.

ಅಂದರೆ ನೀನು ಒಂದೇ ಕಾಯಿಲೆ ಅಂದುಕೊಂಡದ್ದು ಎರಡು. ಪರೀಕ್ಷೆ ಮಾಡುವ ದಾರಿಯೂ ಇದೆ. ಅದೇ ನೇರ ಸೀರಂ ಹಾಕು, ಈ ಸಲ ನಡುವೆ ವಾಶ್ ಮಾಡಿ ಆಮೇಲೆ ಬಯೋಟಿನ್ ಆಂಟಿಬಾಡಿ ಹಾಕು. ಬಣ್ಣ ಸಿಕ್ಕಾಪಟ್ಟೆ ಏರಿದರೆ ಹುಕ್ ಖಚಿತ. ಮ್ಯಾಟ್ರಿಕ್ಸ್‌ಗೆ ಸ್ಪೈಕ್ ರಿಕವರಿ. 5 ಪಟ್ಟಿನ ಸೀರಂಗೆ ಗೊತ್ತಿರುವಷ್ಟು ಸ್ಟ್ಯಾಂಡರ್ಡ್ ಸೇರಿಸು. ಸೇರಿಸಿದ್ದರಲ್ಲಿ ನೂರಕ್ಕೆ 80ರಿಂದ 120 ವಾಪಸ್ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಮಂಗಳೂರು_ಫ್ಲೋ

ಮೇಷ್ಟ್ರೆ, ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ? ಫ್ಲೋ ಸೈಟೋಮೀಟರಿಗೆ (ಕಣಗಳನ್ನು ಒಂದೊಂದಾಗಿ ನೋಡುವ ಮಷೀನು) ಕೊಟ್ಟರೆ ಯಾವ ಕಣದ ಮೇಲೆ ಎಷ್ಟು ಸಿಡಿ25 ಇದೆ ಅಂತ ನೇರ ಕಾಣುತ್ತದಲ್ಲ?

ಮಲ್ಲೇಶ್ವರದ_ಮೇಷ್ಟ್ರು

ಅದು ಬೇರೆ ಪ್ರಶ್ನೆಗೆ ಉತ್ತರ. ಫ್ಲೋ ತೋರಿಸುವುದು ಕಣದ ಮೈಮೇಲೆ ಉಳಿದದ್ದನ್ನು. ಎಲಿಸಾ ತೋರಿಸುವುದು ಉದುರಿ ರಕ್ತಕ್ಕೆ ಬಿದ್ದದ್ದನ್ನು. ಜೊತೆಗೆ ಫ್ಲೋಗೆ ತಾಜಾ ರಕ್ತ ಬೇಕು. ಈ ಹುಡುಗಿಯ ಹತ್ತಿರ ಇರುವುದು ಫ್ರೀಜರಿನ ಸೀರಂ, ಅದರಲ್ಲಿ ಕಣವೇ ಇಲ್ಲ.

ಇನ್ನೊಂದು ಮಾತು. ಮೈಮೇಲೆ ಸಿಡಿ25 ಇದ್ದ ಮಾತ್ರಕ್ಕೆ ಅದು ಕೆರಳಿದ ಟಿ ಕಣ ಅಂತಲೂ ಅಲ್ಲ. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ ಇದೇ ಸಿಡಿ25 ಗುರುತು ಹಿಡಿದು ರೆಗ್ಯುಲೇಟರಿ ಟಿ ಕಣಗಳನ್ನು ಬೇರೆ ಮಾಡಿ ತೋರಿಸಿದರು. ಅವು ಜಗಳ ಬಿಡಿಸುವ ಜಾತಿ. 2025ರ ನೊಬೆಲ್ ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೂ ಬಂದದ್ದು ಈ ಕಣಗಳ ಕೆಲಸಕ್ಕೇ. ರಕ್ತದಲ್ಲಿ ತೇಲುವ ತುಂಡು ಯಾವ ಜಾತಿಯ ಕಣದಿಂದ ಉದುರಿತು ಅಂತ ಎಲಿಸಾ ಹೇಳುವುದಿಲ್ಲ. ಪೇಪರ್ ಬರೆಯುವಾಗ ಇದು ನೆನಪಿರಲಿ.

ಮಂಗಳೂರು_ಫ್ಲೋ

ಸರಿ ಸರಿ, ಒಪ್ಪಿದೆ. ಆದರೂ ನನ್ನ ಮಷೀನೇ ಚಂದ.

ರಾಜಾಜಿನಗರ_ಲ್ಯಾಬ್

ಮೇಷ್ಟ್ರು ಹೇಳಿದ್ದು ಪೂರ್ತಿ ಸರಿ. ನಾನು ಬೆಂಚಿನ ಮೇಲಿನ ಕೆಲವು ವಿಷಯ ಸೇರಿಸುತ್ತೇನೆ.

ಮೊದಲನೆಯದು ರೂಂ ಟೆಂಪರೇಚರ್. ಕಿಟ್ ಪುಸ್ತಕದಲ್ಲಿ ಸಾಮಾನ್ಯವಾಗಿ 18ರಿಂದ 25 ಡಿಗ್ರಿ ಅಂತಿರುತ್ತದೆ. ಬೆಂಗಳೂರು ಅಂದರೆ ತಂಪು ಅನ್ನೋದು ಹಳೇ ಕಥೆ. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ರೂಮಿನಲ್ಲಿ 30 ದಾಟುತ್ತದೆ. ಟಿಎಂಬಿ ಬೇಗ ಬಣ್ಣ ಕಟ್ಟುತ್ತದೆ, ಮೇಲಿನ ಸ್ಟ್ಯಾಂಡರ್ಡ್‌ಗಳು ರೀಡರಿನ ಮಿತಿ ಮೀರುತ್ತವೆ. ಡಿಸೆಂಬರ್ ಬೆಳಿಗ್ಗೆ ಉಲ್ಟಾ. ಫ್ರಿಜ್ಜಿನಿಂದ ತೆಗೆದ ಬಫರನ್ನು ತಕ್ಷಣ ಬಳಸಿದರೆ ಇನ್ನೂ ಕಷ್ಟ. ಪ್ಲೇಟಿನ ಅಂಚಿನ ವೆಲ್‌ಗಳು ಬೇಗ ಬೆಚ್ಚಗಾಗುತ್ತವೆ, ನಡುವಿನವು ನಿಧಾನ. ಆಗ ಅಂಚಿನ ಸಾಲುಗಳು ಒಂದು ನಂಬರ್, ನಡುವಿನ ಸಾಲುಗಳು ಇನ್ನೊಂದು. ಪ್ಲೇಟಿನ ಮೇಲೆ ಪ್ಲೇಟ್ ಪೇರಿಸಿ ಇಡುವ ಅಭ್ಯಾಸ ಇದ್ದರೆ ಬಿಡಿ.

ನೀರು. ನಮ್ಮ ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು, ಗೀಸರ್ ಬಿಚ್ಚಿ ನೋಡಿದವರಿಗೆ ಇನ್ನೂ ಚೆನ್ನಾಗಿ. ವಾಶ್ ಬಫರಿಗೆ ಲ್ಯಾಬಿನ ಅಲ್ಟ್ರಾಪ್ಯೂರ್ ನೀರೇ ಬೇಕು. ಮನೆಯ ಆರ್‌ಓ ಸಾಲದು.

ಸೋಡಿಯಂ ಅಜೈಡ್. ಸೀರಂ ಕೆಡಬಾರದು ಅಂತ ಯಾರಾದರೂ ಅಜೈಡ್ ಹಾಕಿ ಇಟ್ಟಿದ್ದರೆ ಎಚ್‌ಆರ್‌ಪಿ ಸತ್ತ ಹಾಗೆ. ವಾಶ್ ಚೆನ್ನಾಗಿ ಆದರೆ ಸ್ಯಾಂಪಲಿನದು ಹೋಗುತ್ತದೆ. ಆದರೆ ಬಫರಿನಲ್ಲೇ ಇದ್ದರೆ ಮುಗೀತು.

ಆಮೇಲೆ ಕರ್ವ್. ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆಯೋದು ಬೇಡ. ಎಲಿಸಾ ಕರ್ವ್ ಎಸ್ ಆಕಾರದ್ದು. ನಾಲ್ಕು ಪ್ಯಾರಾಮೀಟರಿನ ಲಾಜಿಸ್ಟಿಕ್ ಫಿಟ್ ಹಾಕಿ, ಹೆಚ್ಚಿನ ರೀಡರ್ ಸಾಫ್ಟ್‌ವೇರಿನಲ್ಲಿ ಇರುತ್ತದೆ.

ಕಿಟ್_ಸಪ್ಲೈ

ಮಾರೋ ಕಡೆಯವನು ನಾನು. ಒಂದು ವಿಷಯ ಯಾರೂ ಹೇಳಲಿಲ್ಲ. ಈಗ ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಜಾಸ್ತಿ. ಸ್ಟ್ರೆಪ್ಟಾವಿಡಿನ್ ಕಿಟ್ಟಿನಲ್ಲಿ ಅದು ನಂಬರ್ ಇಳಿಸುತ್ತದೆ. ರೋಗಿಗಳನ್ನು ಕೇಳಿದ್ದೀರಾ?

ರಾಜಾಜಿನಗರ_ಲ್ಯಾಬ್

ಸರ್, ಈ ಕಿಟ್ಟಿನಲ್ಲಿ ಅದು ಅಷ್ಟು ಮುಖ್ಯ ಅಲ್ಲ. ಇಲ್ಲಿ ಸ್ಟ್ರೆಪ್ಟಾವಿಡಿನ್ ಬರುವುದು ವಾಶ್ ಆದಮೇಲೆ. ಅಷ್ಟರಲ್ಲಿ ರೋಗಿಯ ಬಯೋಟಿನ್ ತೊಳೆದುಹೋಗಿರುತ್ತದೆ. ಸ್ಯಾಂಪಲ್ ಇರುವಾಗಲೇ ಸ್ಟ್ರೆಪ್ಟಾವಿಡಿನ್ ಕೂಡ ಇರುವ ಆಟೊಮ್ಯಾಟಿಕ್ ಮಷೀನುಗಳಲ್ಲಿ ನೀವು ಹೇಳಿದ ತೊಂದರೆ ನಿಜ.

ಕಿಟ್_ಸಪ್ಲೈ

ಒಳ್ಳೇ ಪಾಯಿಂಟ್. ಟ್ರೇನಿಂಗಿನಲ್ಲಿ ನಮಗೆ ಎಲ್ಲ ಕಿಟ್ಟಿಗೂ ಒಂದೇ ಸ್ಲೈಡ್ ತೋರಿಸುತ್ತಾರೆ 🙂

ಜಯನಗರ_ಅಣ್ಣ

ನಮಸ್ಕಾರ. ನಾನು ಲ್ಯಾಬಿನವನಲ್ಲ, ಹುಡುಕುತ್ತಾ ಇಲ್ಲಿಗೆ ಬಂದೆ. ನನ್ನ ತಮ್ಮ ಡೆಂಗಿಯಾಗಿ ಐಸಿಯುನಲ್ಲಿದ್ದಾನೆ. ಎಚ್‌ಎಲ್‌ಎಚ್ (ರೋಗನಿರೋಧಕ ಕಣಗಳು ಹತೋಟಿ ಮೀರಿ ಕೆರಳುವ ಕಾಯಿಲೆ) ಇರಬಹುದು ಅಂತ ಡಾಕ್ಟರು ಈ ಸಿಡಿ25 ಟೆಸ್ಟ್ ಬರೆದರು. ರಿಪೋರ್ಟ್ ಬಂದಿದೆ: 6,900 ಪಿಕೋಗ್ರಾಂ/ಮಿ.ಲೀ. ನೆಟ್‌ನಲ್ಲಿ 2,400 ದಾಟಿದರೆ ಎಚ್‌ಎಲ್‌ಎಚ್ ಅಂತಿದೆ. ಇದು ಅದರ ಮೂರು ಪಟ್ಟು ಹತ್ತಿರ. ಮನೆಯವರೆಲ್ಲ ಗಾಬರಿಯಾಗಿದ್ದಾರೆ. ಯಾರಾದರೂ ಹೇಳಿ ಪ್ಲೀಸ್.

ರೌಂಡ್ಸ್_ಡಾಕ್ಟರ್

ಸರ್, ನಿಮ್ಮ ತಮ್ಮನನ್ನು ನೋಡದೆ ಅವರ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ. ಆದರೆ ಆ ಎರಡು ನಂಬರ್ ಪಕ್ಕ ಪಕ್ಕ ಇಡಬೇಡಿ. ನೀವು ಓದಿದ 2,400 ಇರುವುದು ಯೂನಿಟ್/ಮಿ.ಲೀ.ನಲ್ಲಿ. ನಿಮ್ಮ ರಿಪೋರ್ಟ್ ಇರುವುದು ಪಿಕೋಗ್ರಾಂನಲ್ಲಿ.

ಈ ಯೂನಿಟ್ ತೂಕ ಅಲ್ಲ. 1985ರಲ್ಲಿ ರಕ್ತದಲ್ಲಿ ಈ ತುಂಡು ಇದೆ ಅಂತ ಮೊದಲು ತೋರಿಸಿದಾಗ ಶುದ್ಧ ಮಾಡಿದ ಪ್ರೊಟೀನ್ ಕೈಯಲ್ಲಿರಲಿಲ್ಲ. ಕೆರಳಿಸಿದ ಬಿಳಿ ರಕ್ತಕಣ ಬೆಳೆಸಿದ ದ್ರವವನ್ನೇ ಅಳತೆಗೋಲು ಮಾಡಿಕೊಂಡು, ಅದರಲ್ಲಿ ಇಷ್ಟು ಯೂನಿಟ್ ಅಂತ ಇಟ್ಟುಕೊಂಡರು. ಆಮೇಲೆ ಬಂದ ಕಿಟ್ಟುಗಳಲ್ಲಿ ಕೆಲವು ಯೂನಿಟ್‌ನಲ್ಲೇ ಉಳಿದವು, ಕೆಲವು ಪಿಕೋಗ್ರಾಂಗೆ ಹೋದವು. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಲೆಕ್ಕ ಕಿಟ್ಟಿನಿಂದ ಕಿಟ್ಟಿಗೆ ಬೇರೆ. ಇಂಟರ್‌ನೆಟ್ಟಿನ ಗುಣಾಕಾರ ತಂದು ಹಾಕಬಾರದು.

ಎರಡನೆಯದು, ಈ ನಂಬರ್ ಒಂದೇ ಎಚ್‌ಎಲ್‌ಎಚ್ ಅಂತ ತೀರ್ಮಾನ ಮಾಡುವುದಿಲ್ಲ. 2004ರ ಪ್ರೊಟೊಕಾಲ್‌ನಲ್ಲಿ ಎಂಟು ಲಕ್ಷಣ, ಅವುಗಳಲ್ಲಿ ಐದು ಇರಬೇಕು. ಬಿಡದ ಜ್ವರ, ಗುಲ್ಮ ದೊಡ್ಡದಾಗುವುದು, ಎರಡು ಬಗೆಯ ರಕ್ತಕಣ ಇಳಿಯುವುದು, ಟ್ರೈಗ್ಲಿಸರೈಡ್ ಏರುವುದು ಅಥವಾ ಫೈಬ್ರಿನೋಜನ್ ಇಳಿಯುವುದು, ಫೆರಿಟಿನ್ 500 ಅಥವಾ ಹೆಚ್ಚು, ಮೂಳೆಮಜ್ಜೆಯಲ್ಲಿ ಕಣ ಕಣವನ್ನೇ ನುಂಗುವುದು, ಎನ್‌ಕೆ ಕಣಗಳ ಕೆಲಸ ಕುಂದುವುದು, ಮತ್ತು ಈ ಸಿಡಿ25. ಇದು ಮೊದಲು ಮಕ್ಕಳಿಗಾಗಿ ಮಾಡಿದ ಪಟ್ಟಿ. ದೊಡ್ಡವರಿಗೆ ಬೇರೆ ಸ್ಕೋರ್ ಕೂಡ ಬಳಸುತ್ತೇವೆ. ಮತ್ತೆ ಡೆಂಗಿಯಲ್ಲೇ ಜ್ವರ ಇರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಫೆರಿಟಿನ್ ಏರುತ್ತದೆ. ಹಾಗಾಗಿಯೇ ಡಾಕ್ಟರಿಗೂ ಇದು ತಲೆನೋವು.

ಸಿಡಿ25 ಏರಲು ಕಾರಣ ಬೇಕಾದಷ್ಟು. ಲಿಂಫೋಮಾ, ಟಿಬಿ, ಸಾರ್ಕಾಯ್ಡೋಸಿಸ್, ಸಂಧಿವಾತ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೂ ಏರುತ್ತದೆ, ಯಾಕೆಂದರೆ ಇದನ್ನು ರಕ್ತದಿಂದ ತೆಗೆಯುವುದು ಬಹುಮಟ್ಟಿಗೆ ಕಿಡ್ನಿಯೇ. ಚಿಕ್ಕ ಮಕ್ಕಳಲ್ಲಿ ಸಹಜವಾಗಿಯೇ ಜಾಸ್ತಿ.

ನೀವು ಈಗ ಮಾಡಬಹುದಾದದ್ದು: ರಿಪೋರ್ಟಿನಲ್ಲಿ ಆ ಲ್ಯಾಬಿನದೇ ನಾರ್ಮಲ್ ರೇಂಜ್ ಅಚ್ಚಾಗಿರುತ್ತದೆ, ನೋಡಿ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಚಿಕಿತ್ಸೆ ಬಗ್ಗೆ ತೀರ್ಮಾನ ಅವರದೇ. ಒಂದು ಧೈರ್ಯದ ಮಾತು: ಫೆರಿಟಿನ್ ಅದೇ ದಿನ ಸಿಗುತ್ತದೆ, ಸಿಡಿ25 ಬರುವುದಕ್ಕೆ ದಿನಗಳೇ ಬೇಕು. ಆದ್ದರಿಂದ ಹುಷಾರಾದ ಡಾಕ್ಟರು ಇದೊಂದಕ್ಕೇ ಕಾಯುತ್ತಾ ಕೂತಿರುವುದಿಲ್ಲ.

ಜಯನಗರ_ಅಣ್ಣ

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ರೇಂಜ್ ಎರಡನೇ ಪೇಜಿನಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಈಗ ನೋಡಿದೆ. ಅದರ ಪ್ರಕಾರವೂ ಜಾಸ್ತಿನೇ ಇದೆ, ಆದರೆ ನಾವು ಅಂದುಕೊಂಡಷ್ಟು ಅಲ್ಲ. ಸಂಜೆ ರೌಂಡ್ಸ್‌ನಲ್ಲಿ ತೋರಿಸುತ್ತೇನೆ.

ಮಲ್ಲೇಶ್ವರದ_ಮೇಷ್ಟ್ರು

ತಮ್ಮ ಬೇಗ ಚೇತರಿಸಿಕೊಳ್ಳಲಿ ಅಪ್ಪಾ.

ರಿಪೋರ್ಟ್ ಕೊಡುವ ಲ್ಯಾಬಿನವರು ಇಲ್ಲಿದ್ದರೆ ಒಂದು ಮಾತು. ಹಳೇ ಕಾಲದಲ್ಲಿ ಅಯೋಡಿನ್-125 ಹಚ್ಚಿ ರೇಡಿಯೋ ಇಮ್ಯುನೋಅಸ್ಸೇ ಮಾಡುತ್ತಿದ್ದಾಗ, ಯಾವ ವಿಧಾನ, ಯಾವ ಕಿಟ್ ಅಂತ ರಿಪೋರ್ಟಿನ ಮೇಲೇ ಬರೆಯುತ್ತಿದ್ದೆವು. 1971ರಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಲಿಸಾ ತಂದು ರೇಡಿಯೋಆಕ್ಟಿವ್ ಕಾಟ ತಪ್ಪಿಸಿದರು, ಒಳ್ಳೆಯದೇ ಆಯಿತು. ಆದರೆ ಸುಲಭವಾದಮೇಲೆ ನಂಬರ್ ಮಾತ್ರ ಉಳಿದು, ಅದರ ಹಿಂದಿನ ಸಾಲು ಬಿಟ್ಟುಹೋಯಿತು. ಕಿಟ್ ಯಾವುದು, ಎಷ್ಟು ಪಟ್ಟು ಡೈಲ್ಯೂಟ್, ಯಾವ ಯೂನಿಟ್, ಈ ಮೂರಿಲ್ಲದ ಸಿಡಿ25 ನಂಬರನ್ನು ನಾನಂತೂ ನಂಬರ್ ಅಂತಲೇ ಒಪ್ಪುವುದಿಲ್ಲ. ಕಡಿಮೆ ಪಕ್ಷ ರೇಂಜನ್ನು ಮೊದಲನೇ ಪೇಜಿನಲ್ಲಿ ಹಾಕಿ ಮಾರಾಯರೆ.

ಹೆಬ್ಬಾಳದ_ಪಿಪೆಟ್

ಅಪ್‌ಡೇಟ್ ಕೊಡುತ್ತೇನೆ. ಮೇಷ್ಟ್ರು ಹೇಳಿದ ಹಾಗೆ ನಡುವೆ ವಾಶ್ ಮಾಡಿ ನೇರ ಸೀರಂ ಹಾಕಿದೆ. ರೀಡರ್ ‘ಓವರ್’ ಅಂತ ತೋರಿಸಿತು. ಹುಕ್ ಖಚಿತ. 5 ಪಟ್ಟಿನಲ್ಲಿ ಸ್ಪೈಕ್ ರಿಕವರಿ 77, 20 ಪಟ್ಟಿನಲ್ಲಿ 96. ಸರಾಸರಿಯ ಮಾತು ಲ್ಯಾಬಿನಲ್ಲಿ ಈಗ ಯಾರೂ ಎತ್ತುತ್ತಿಲ್ಲ.

ಈಗ ಹೊಸ ತಾಪತ್ರಯ. ಎಲ್ಲರನ್ನೂ 20 ಪಟ್ಟಿಗೆ ಮಾಡೋಣ ಅಂದರೆ, ಆರೋಗ್ಯವಂತರ ಸ್ಯಾಂಪಲ್‌ಗಳು ಕರ್ವ್‌ನ ಕೆಳಗೆ ಬಿದ್ದುಹೋಗುತ್ತವೆ. ಅವರಿಗೆ 5, ರೋಗಿಗಳಿಗೆ 20 ಮಾಡಲಾ?

ಮಲ್ಲೇಶ್ವರದ_ಮೇಷ್ಟ್ರು

ಬೇಡಮ್ಮಾ, ಅಲ್ಲೇ ಇರುವುದು ಗುಂಡಿ. 5 ಪಟ್ಟಿನಲ್ಲಿ ನೀನೇ ನೋಡಿದ ಹಾಗೆ ನೂರಕ್ಕೆ 23 ಕಳೆದುಹೋಗುತ್ತಿದೆ. ಆರೋಗ್ಯವಂತರೆಲ್ಲ ಕಡಿಮೆ ಓದುತ್ತಾರೆ, ರೋಗಿಗಳು ಸರಿಯಾಗಿ ಓದುತ್ತಾರೆ. ಎರಡು ಗುಂಪಿನ ಅಂತರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಪಿ ವ್ಯಾಲ್ಯೂ (ಅಂತರ ಬರೀ ಕಾಕತಾಳೀಯವೋ ಅಂತ ತೂಗುವ ಅಂಕಿ) ಚಂದ ಬರುತ್ತದೆ, ಆದರೆ ಅದು ಡೆಂಗಿಯದಲ್ಲ, ಸೀರಂನದು.

ಸ್ಟ್ಯಾಂಡರ್ಡ್‌ಗಳಿಗೂ ಅಷ್ಟೇ ಸೀರಂ ಬೆರೆಸಿ ನೋಡು. ಮನುಷ್ಯರ ಸೀರಂ ಬೇಡ, ಅದರಲ್ಲೇ ಸಿಡಿ25 ಇರುತ್ತದೆ. ಕರುವಿನ ಸೀರಂ ಸಾಮಾನ್ಯವಾಗಿ ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ಸೆಲ್ ಕಲ್ಚರಿನವರ ಹತ್ತಿರ ಕೇಳು. ಸ್ಯಾಂಪಲ್ 5 ಪಟ್ಟಿದ್ದರೆ ಸ್ಟ್ಯಾಂಡರ್ಡಿನಲ್ಲಿ ನೂರಕ್ಕೆ 20 ಕರುವಿನ ಸೀರಂ. ಮೊದಲು ಬರೀ ಕರುವಿನ ಸೀರಂ ಹಾಕಿ, ಬಣ್ಣ ಬರುವುದಿಲ್ಲ ಅಂತ ಖಾತ್ರಿ ಮಾಡಿಕೋ. ಆಮೇಲೆ ರಿಕವರಿ ಮತ್ತೆ ಮಾಡು. 77 ಇದ್ದದ್ದು 90ರ ಮೇಲೆ ಬಂದರೆ, ಎಲ್ಲರನ್ನೂ ಒಂದೇ 5 ಪಟ್ಟಿನಲ್ಲಿ ಶುರು ಮಾಡಬಹುದು.

ರಾಜಾಜಿನಗರ_ಲ್ಯಾಬ್

ಅದರ ಜೊತೆಗೆ ರೋಗಿಗಳ ಸ್ಯಾಂಪಲ್ ಪ್ರತಿಯೊಂದನ್ನೂ 5 ಮತ್ತು 40 ಎರಡರಲ್ಲೂ ಹಾಕಿ ಮೇಡಂ. ಎರಡೂ ಹೊಂದಿದರೆ 5ರದ್ದು ಬರೆಯಿರಿ. 40ರದ್ದು ಜಾಸ್ತಿ ಬಂದರೆ ಹುಕ್ ಅಥವಾ ಮ್ಯಾಟ್ರಿಕ್ಸ್ ಇನ್ನೂ ಇದೆ ಅಂತ, ಆಗ 40ರದ್ದು. ವೆಲ್ ಎರಡು ಪಟ್ಟು ಖರ್ಚಾಗುತ್ತದೆ, ಕಿಟ್ ದುಬಾರಿ, ಗೊತ್ತು. ಮತ್ತೆ ಪ್ಲೇಟಿಂದ ಪ್ಲೇಟಿಗೆ ಒಂದೇ ಪೂಲ್ ಸೀರಂ (ಹಲವರ ಸೀರಂ ಬೆರೆಸಿದ್ದು) ಕಂಟ್ರೋಲ್ ಇಡಿ, ಸಣ್ಣ ಸಣ್ಣ ಟ್ಯೂಬಿನಲ್ಲಿ ಹಂಚಿ ಫ್ರೀಜ್ ಮಾಡಿ. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಬೇಡಿ.

ಹೆಬ್ಬಾಳದ_ಪಿಪೆಟ್

ಒಬ್ಬರ ಸ್ಯಾಂಪಲ್ ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ. ಡೈಲ್ಯೂಟ್ ಮಾಡಿದಷ್ಟೂ ಇಳಿಯುತ್ತಾ ಹೋಗುತ್ತದೆ. ಬೇರೆಯವರದ್ದಕ್ಕೆ ಉಲ್ಟಾ.

ರೌಂಡ್ಸ್_ಡಾಕ್ಟರ್

ಅವರಿಗೆ ಸಂಧಿವಾತ ಇದೆಯಾ ಅಂತ ಕೇಸ್ ಶೀಟ್ ನೋಡಿ. ರುಮಟಾಯ್ಡ್ ಫ್ಯಾಕ್ಟರ್ ಅಥವಾ ಹೆಟೆರೋಫೈಲ್ ಆಂಟಿಬಾಡಿ, ಅಂದರೆ ಬೇರೆ ಆಂಟಿಬಾಡಿಗೇ ಅಂಟುವ ಆಂಟಿಬಾಡಿ, ಇದ್ದರೆ, ಸಿಡಿ25 ಇಲ್ಲದೆಯೇ ಕಿಟ್ಟಿನ ಎರಡು ಆಂಟಿಬಾಡಿಗಳನ್ನು ಅವೇ ಜೋಡಿಸಿಬಿಡುತ್ತವೆ. ನಂಬರ್ ಸುಳ್ಳಾಗಿ ಏರುತ್ತದೆ, ಡೈಲ್ಯೂಟ್ ಮಾಡಿದರೆ ಕುಸಿಯುತ್ತದೆ. ಕಿಡ್ನಿ ಕಸಿ ಆದವರಾ ಅಂತಲೂ ನೋಡಿ. ಬಸಿಲಿಕ್ಸಿಮ್ಯಾಬ್ ಕೊಟ್ಟಿದ್ದರೆ ಅದು ಸಿಡಿ25ಗೇ ಅಂಟುವ ಔಷಧಿ, ಕಿಟ್ಟಿನ ಆಂಟಿಬಾಡಿಗೆ ಜಾಗ ಸಿಗದೇ ಹೋಗಬಹುದು. ಆದರೆ ಅದರಲ್ಲಿ ನಂಬರ್ ಇಳಿಯಬೇಕು, ನಿಮ್ಮದು ಆ ಜಾತಿಯ ಹಾಗೆ ಕಾಣುತ್ತಿಲ್ಲ.

ಹೆಬ್ಬಾಳದ_ಪಿಪೆಟ್

ಕೇಸ್ ಶೀಟ್ ನೋಡಿದೆ ಡಾಕ್ಟ್ರೇ. ಸಂಧಿವಾತಕ್ಕೆ ಹಲವು ವರ್ಷದಿಂದ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದಾರೆ.

ರಾಜಾಜಿನಗರ_ಲ್ಯಾಬ್

ಹಾಗಾದರೆ ಹೆಟೆರೋಫೈಲ್ ಬ್ಲಾಕಿಂಗ್ ಟ್ಯೂಬಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ಓಡಿಸಿ. ಟ್ಯೂಬ್ ಇಲ್ಲದಿದ್ದರೆ ಕಿಟ್ಟಿನ ಆಂಟಿಬಾಡಿ ಯಾವ ಪ್ರಾಣಿಯದೋ ಅದೇ ಪ್ರಾಣಿಯ ಸೀರಂ ಬಫರಿಗೆ ಸೇರಿಸಿ, ಸಾಮಾನ್ಯವಾಗಿ ಇಲಿಯದು (ಮೌಸ್). ಆಗಲೂ ಬೇರೆ ಬೇರೆ ಡೈಲ್ಯೂಶನ್‌ನ ನಂಬರ್‌ಗಳು ಒಂದಕ್ಕೊಂದು ಹೊಂದದಿದ್ದರೆ ಆ ಸ್ಯಾಂಪಲ್ ಬಿಟ್ಟುಬಿಡಿ. ಯಾಕೆ ಬಿಟ್ಟಿರಿ ಅಂತ ಮೆಥಡ್ಸ್‌ನಲ್ಲಿ ಒಂದು ಸಾಲು ಬರೆಯಿರಿ.